ಸೀಳು ಕಾಣದ ಹಾಗೆ

ಜೂನ್ ೩, ಮಂಗಳವಾರ

ಇವರು ವಾಕಿಂಗ್ ಹೋದ ಮೇಲೆ ಮತ್ತೆ ಟೇಪು ಹಿಡಿದು ಹೊರಟೆ. ನಿಶಾಂತನ ರೂಮಿನ ಬಾಗಿಲು — ಚಿಲಕದ ಹತ್ತಿರ ಚೌಕಟ್ಟು ಉದ್ದಕ್ಕೆ ಸೀಳಿದೆ. ಅಡುಗೆಮನೆ ಬಾಗಿಲು — ಕುಕ್ಕರ್ ಬಿದ್ದು ಅಂಚು ಹಾರಿದೆ. ಬಿದ್ದು ಏನು, ಅವನು ಎಸೆದು. ಇಲ್ಲಾದರೂ ನಿಜ ಬರೆಯಬೇಕು. ಹಾಲ್‌ನ ಗೋಡೆಯಲ್ಲಿ ಪ್ಲಾಸ್ಟರ್ ಒಳಕ್ಕೆ ಹೋಗಿರುವ ಜಾಗ ಸರಿಯಾಗಿ ನನ್ನ ಎತ್ತರಕ್ಕಿದೆ. ನನ್ನ ತಲೆಯೇ. ತಲೆ ಬಾಚುವಾಗ ಹೊಲಿಗೆ ಹಾಕಿದ ಜಾಗ ಇನ್ನೂ ಚುರ್ ಅನ್ನುತ್ತದೆ.

ಒಬ್ಬನೇ ಮಗ. ಬ್ಯಾಂಕಿನಲ್ಲಿ ಆಫೀಸರು. ಅಲ್ಲಿ ಎಲ್ಲರಿಗೂ 'ಸಾರ್ ತುಂಬಾ ಸಾಫ್ಟ್'. ಊರಿಗೆ ಉಪಕಾರಿ, ಮನೆಗೆ ಮಾರಿ.

ಇದೇ ಊರಿನ ನುಂಗಂಬಾಕ್ಕದ ಹುಡುಗಿ ಕಡೆಯವರು ಇಪ್ಪತ್ತೆರಡನೇ ತಾರೀಕು ಮನೆ ನೋಡಲು ಬರುತ್ತಾರೆ. ಆಷಾಢ ಹಿಡಿಯುವುದರೊಳಗೆ ಮಾತು ಮುಗಿಸಬೇಕಂತೆ. ಜಾತಕ ಕೂಡಿದೆ. ಹುಡುಗ ಹುಡುಗಿ ಕಾಫಿಗೆ ಹೋಗಿ ಒಪ್ಪಿಕೊಂಡಿದ್ದಾರೆ. ಇನ್ನು ಮನೆಯೊಂದು ಒಪ್ಪಿಗೆಯಾಗಬೇಕು. ಈ ಮನೆ!

ಮದುವೆಯಾದ ತಕ್ಷಣ ಬೇರೆ ಮನೆ ಮಾಡುತ್ತೇನೆ ಅಂದಿದ್ದಾನೆ. ಅದೊಂದು ಮಾತು ಹಿಡಿದುಕೊಂಡು ದಿನ ತಳ್ಳುತ್ತಿದ್ದೇನೆ. ಅವನು ಹೋದರೆ ನನ್ನ ಮೈ ಉಳಿಯುತ್ತದೆ. ಆ ಹುಡುಗಿಯ ಮೈ? ... ಅಳತೆ ಬರೆದಿಟ್ಟು ಎದ್ದೆ. ಹುಳಿಗೆ ಬೇಳೆ ಇಡಬೇಕು.

ಜೂನ್ ೬, ಶುಕ್ರವಾರ

ಬಡಗಿ ಏಳುಮಲೈ ಬಂದಿದ್ದ. ಮೂಲೆ ಹಾರ್ಡ್‌ವೇರ್ ಅಂಗಡಿಯವನು ಕಳಿಸಿದ್ದು. ಬಂದವನೇ ತಮಿಳಿನಲ್ಲಿ 'ತೇಕ್ಕು ಪೋಡುಂಗಮ್ಮಾ, ನೂರು ವರ್ಷಂ ನಿಕ್ಕುಂ' ಎಂದು ಶುರು ಮಾಡಿದ. ತೇಗವಂತೆ, ನೂರು ವರ್ಷ ನಿಲ್ಲುತ್ತದಂತೆ! ಈ ಮನೆಯಲ್ಲಿ ನೂರು ವರ್ಷ ನಿಲ್ಲುವಂಥದ್ದು ಯಾರಿಗೆ ಬೇಕಾಗಿದೆ?

ಇಪ್ಪತ್ತೈದು ಸಾವಿರದ ಮೇಲೆ ಇವರು ಒಂದು ಕಾಸು ಬಿಚ್ಚುವುದಿಲ್ಲ. ರೈಲ್ವೆಯಲ್ಲಿ ಟೆಂಡರ್ ನೋಡಿದ ಮನುಷ್ಯ, ಮನೆಯಲ್ಲೂ ಟೆಂಡರ್. ಆದ್ದರಿಂದ ಚೌಕಟ್ಟು ಕಿತ್ತು ಬದಲಾಯಿಸುವುದಿಲ್ಲ. ಅದರ ಮೇಲೇ ಸುತ್ತ ಮರದ ಹೊಸ ಪಟ್ಟಿ. ಗೋಡೆಯ ಬುಡಕ್ಕೆ ಸ್ಕರ್ಟಿಂಗ್. ಹಾಲ್‌ನ ಆ ಗುಳಿಗೆ ಪುಟ್ಟಿ ತುಂಬಿ, ಅಡ್ಡಕ್ಕೆ ಸಣ್ಣ ಪಟ್ಟಿಯ ಬೀಡಿಂಗ್ ಎಳೆದು ಡಿಸೈನಿನ ಹಾಗೆ ಮಾಡುವುದು. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಬೇಡವೆಂದೆ, ನೆಲ ಒರೆಸುವ ನೀರಿಗೆ ಹಪ್ಪಳದಂತೆ ಉಬ್ಬುತ್ತದೆ. ಬುಡಕ್ಕೆ ಪಿವಿಸಿ, ಬಾಗಿಲಿಗೆ ಮಾತ್ರ ಮರ.

ಸೀಳಿನೊಳಗೆ ಬೆರಳು ತೂರಿಸಿ 'ಯಾರಮ್ಮಾ ಒದೆಚ್ಚದು?' ಅಂದ. ಯಾರೂ ಒದ್ದಿಲ್ಲ, ನೀನು ರೇಟು ಹೇಳು ಅಂದೆ. ಹೇಳಿದ. ಜಗಳವಾಡಿ ಇಳಿಸಿದೆ. ಅದರಲ್ಲಿ ಮಾತ್ರ ನನ್ನನ್ನು ಯಾರೂ ಸೋಲಿಸಲಾರರು.

ಜೂನ್ ೯, ಸೋಮವಾರ

ಸಂಜೆ ನಿಶಾಂತ ಆಫೀಸಿನಿಂದ ಬಂದ. ಊಟದ ಮೇಜಿನ ಮೇಲೆ ಸ್ಯಾಂಪಲ್ ಪಟ್ಟಿಗಳಿದ್ದವು.

'ವೈಟ್ ಅಂದಿದ್ದೆ ತಾನೇ?'

'ಬಿಳೀದು ಕೊಳೆಯಾಗತ್ತೆ ಕಣೋ. ಒರೆಸೋಳು ನಾನು.'

'ಎದುರು ಮಾತಾಡ್ತೀಯಾ?'

ಅಷ್ಟೇ. ಆ ಪಟ್ಟಿಯಲ್ಲೇ ಕೈಬೆರಳ ಗೆಣ್ಣಿನ ಮೇಲೆ ಬಾರಿಸಿದ. ಪಟ್ಟಿ ಮುರಿಯಿತು. ಮುರಿದದ್ದಕ್ಕೂ ನನ್ನ ಮೇಲೇ ಸಿಟ್ಟು. ಜಡೆ ಹಿಡಿದು ತಲೆಯನ್ನು ಮೇಜಿಗೆ ಒತ್ತಿದ. ಕೆನ್ನೆಯ ಕೆಳಗೆ ಸಾರಿನ ಪಾತ್ರೆಯ ಬಿಸಿ. 'ವೈಟ್ ಅನ್ನು. ವೈಟ್ ಅನ್ನು.' ನಾನು ಅನ್ನಲಿಲ್ಲ. ಅವನ ಮಣಿಕಟ್ಟು ಬಾಯಿಗೆ ಸಿಕ್ಕಿತು, ಕಚ್ಚಿಬಿಟ್ಟೆ. ಅರವತ್ತು ವರ್ಷದ ಹೆಂಗಸು, ಬೀದಿನಾಯಿಯ ಹಾಗೆ. ರಕ್ತ ಬಂತು. ನನಗೆ ಒಂದು ಕ್ಷಣ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಅವನು ಹೊಡೆದದ್ದನ್ನು ಬರೆಯಲಾರೆ. ಬೆರಳು ಬಾತಿದೆ.

ಜೂನ್ ೧೩, ಶುಕ್ರವಾರ

ಇವತ್ತು ಪೆನ್ನು ಹಿಡಿಯಲು ಬರುತ್ತಿದೆ.

ಅವತ್ತು ಇವರು ಎಲ್ಲಿದ್ದರು? ಟೀವಿ ಮುಂದೆ. ನಾನು ಕಿರುಚಿದಷ್ಟೂ ಟೀವಿಯ ಸೌಂಡು ಏರಿಸಿದರು. ನೆರೆಮನೆಗೆ ಕೇಳಬಾರದಲ್ಲ! ಇವತ್ತು ಕಾಫಿ ಕೊಡುವಾಗ ಕೇಳಿಯೇಬಿಟ್ಟೆ.

'ಆ ಹುಡುಗೀಗೆ ಹೇಳ್ಬೇಡ್ವೇನ್ರೀ?'

'ಏನಂತ?'

'ಇದನ್ನ.' ಬೆರಳು ಮುಖಕ್ಕೆ ಹಿಡಿದೆ.

ನೋಡಲಿಲ್ಲ. 'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ಜಲಜಾ. ನಾವೆಲ್ಲಿ ಸುಳ್ಳು ಹೇಳ್ತಿದ್ದೀವಿ? ಸುಮ್ನಿದ್ದೀವಿ. ಹೆಂಡತಿ ಬಂದ್ರೆ ತಾನಾಗೇ ತಣ್ಣಗಾಗ್ತಾನೆ.'

'ನಾನು ಬಂದು ನೀವು ಏನಾದ್ರಿ? ಕಲ್ಲಾದ್ರಿ.'

ಎದ್ದು ಹೋದರು. ಲೋಟ ತೊಳೆಯುತ್ತಾ ನಾನೂ ಯೋಚಿಸಿದೆ — ತಣ್ಣಗಾದರೂ ಆಗಬಹುದೇನೋ. ಕೆಲವರು ಆಗುತ್ತಾರಂತೆ. ಹಾಗೆ ಆದವರ ಹೆಸರು ಒಂದೂ ನೆನಪಿಗೆ ಬರಲಿಲ್ಲ.

ಪಟ್ಟಿಗೆ ಬಿಳಿ ಬಣ್ಣವೇ ಹೇಳಿದೆ.

ಜೂನ್ ೧೭, ಮಂಗಳವಾರ

ಕೆಲಸ ಅರ್ಧ ಮುಗಿದಿದೆ. ಏಳುಮಲೈ ಬಾಯಿಬಡುಕ, ಆದರೆ ಕೈ ಓಡುತ್ತದೆ. ಅಡುಗೆಮನೆ ಬಾಗಿಲಿನ ಮೂಲೆಯಲ್ಲಿ ಪಟ್ಟಿಗೆ ಪಟ್ಟಿ ಓರೆಯಾಗಿ ಕತ್ತರಿಸಿ ಕೂಡಿಸಿದ್ದಾನೆ, ನೋಡಲು ಎಷ್ಟು ಅಂದ! ಮೊದಲ ಕೋಟು ಬಣ್ಣ ಬಿದ್ದ ಮೇಲಂತೂ ಮನೆ ಹತ್ತು ವರ್ಷ ಎಳೆಯದಾಗಿದೆ. ಬೇಕೆಂದೇ ಒಂದು ಸಲ ಹೊರಗೆ ಹೋಗಿ ಅತಿಥಿಯ ಹಾಗೆ ಒಳಗೆ ಬಂದು ನೋಡಿದೆ.

ಹಾಲ್‌ನ ಗುಳಿ ಕಾಣುವುದೇ ಇಲ್ಲ. ಕೈಯಾಡಿಸಿದರೂ ಸಿಗುವುದಿಲ್ಲ. ನಾಚಿಕೆಯಿಲ್ಲದೆ ಖುಷಿಪಟ್ಟೆ. ಸಂಜೆ ಗಸಗಸೆ ಪಾಯಸ ಮಾಡಿದೆ. ನಿಶಾಂತ ಎರಡು ಸಲ ಹಾಕಿಸಿಕೊಂಡು ತಿಂದ. 'ಮನೆ ಸೂಪರಾಗಿದೆ ಅಮ್ಮ' ಅಂದ. ಕಣ್ಣಲ್ಲಿ ನೀರು ಬಂತು. ಥೂ, ಹೆತ್ತ ಕರುಳಿಗೆ ಬುದ್ಧಿಯೇ ಇಲ್ಲ.

ಜೂನ್ ೧೯, ಗುರುವಾರ

ಹಾಳಾಗಿ ಹೋಗಲಿ ಎಲ್ಲಾ.

ಅವನ ರೂಮಿನ ಬಾಗಿಲಲ್ಲಿ ಪಟ್ಟಿ ಸೇರುವ ಕಡೆ ಕೂದಲೆಳೆಯಷ್ಟು ಸಂದು. ಪುಟ್ಟಿ ಹಾಕಿದರೆ ಮುಚ್ಚಿಹೋಗುತ್ತಿತ್ತು. 'ಇದಕ್ಕಾ ದುಡ್ಡು ಸುರಿದದ್ದು' ಎಂದು ಕೂಗಾಡಿ, ಹೊಸ ಪಟ್ಟಿಯನ್ನು ಮೊಳೆ ಸಮೇತ ಕಿತ್ತ. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಇವರು ಅಡ್ಡ ಹೋಗಿದ್ದರು. ಜನ್ಮದಲ್ಲಿ ಮೊದಲ ಸಲ ಎದ್ದು ಅಡ್ಡ ಹೋಗಿದ್ದರು. 'ಲೋ, ಭಾನುವಾರ ಅವರು ಬರ್ತಾರೆ ಕಣೋ' ಎಂದದ್ದು ಕೇಳಿಸಿತು. ಪಟ್ಟಿ ಬೀಸಿದ. ಮೊಳೆಯಿದ್ದ ಕಡೆಯಿಂದಲೇ. ಹೆಗಲಿನಿಂದ ಮೊಣಕೈವರೆಗೆ ಚರ್ಮ ತೆರೆದುಕೊಂಡಿತು. ಬಿಳಿ ಬನಿಯನ್ನು ನೋಡುನೋಡುತ್ತಾ ಕೆಂಪಾಯಿತು. ಬಿದ್ದ ಮೇಲೂ ಎರಡು ಒದೆ ಕೊಟ್ಟ — ಹೆತ್ತ ಅಪ್ಪನಿಗೆ. ಅವನ ಕೈಗೆ ಲಕ್ವ ಹೊಡೆಯಲಿ. ಬರೆದದ್ದು ಬರೆದಾಯಿತು, ಹೊಡೆದು ಹಾಕುವುದಿಲ್ಲ.

ಡಾಕ್ಟರಿಗೆ ಮೆಟ್ಟಿಲಿಂದ ಬಿದ್ದರು ಅಂದೆ. ಆಟೋದಲ್ಲಿ ಬರುವಾಗ ಇವರು ಮಗುವಿನ ಹಾಗೆ ನನ್ನ ಭುಜಕ್ಕೆ ತಲೆಯಿಟ್ಟರು.

'ಬೇಗ ಮದುವೆ ಮಾಡಿ ಕಳಿಸಿಬಿಡೋಣ ಜಲಜಾ. ನಮ್ಮ ಕೈಲಿ ಇನ್ನಾಗಲ್ಲ.'

ನಾನು ಇಲ್ಲ ಅನ್ನಲಿಲ್ಲ.

ಏಳುಮಲೈ ನಾಳೆ ಬಂದು ಮತ್ತೆ ಹಾಕುತ್ತಾನಂತೆ. ಈ ಸಲ ಸ್ವಲ್ಪ ಅಗಲದ ಪಟ್ಟಿ ಹೇಳಿದ್ದೇನೆ. ಮೊಳೆ ಕಿತ್ತ ಗಾಯಗಳೂ ಮುಚ್ಚಬೇಕಲ್ಲ.

ಜೂನ್ ೨೨, ಭಾನುವಾರ

ಬಂದು ಹೋದರು.

ಹುಡುಗಿ ಕೃತಿ, ಅಪ್ಪ ಸುಜಯೀಂದ್ರ, ತಾಯಿ. ಇವರು ತುಂಬುತೋಳಿನ ಅಂಗಿ ಹಾಕಿ ಕೂತಿದ್ದರು, ಕೈ ಎತ್ತಿ ನಮಸ್ಕಾರ ಮಾಡಲಾಗದೆ ತಲೆ ಆಡಿಸಿದರು. ನಿಶಾಂತ ಇವತ್ತು ಅಪರಂಜಿ. ನನ್ನ ಕೈಯಿಂದ ತಟ್ಟೆ ಇಸಿದುಕೊಂಡು ತಾನೇ ಬಡಿಸಿದ. ಹುಡುಗಿಯ ತಾಯಿ ಬಾಗಿಲು ಬಾಗಿಲು ನೋಡಿ, 'ಎಷ್ಟು ನೀಟಾಗಿ ಇಟ್ಕೊಂಡಿದ್ದೀರಿ! ನಮ್ಮನೇದೂ ನೀವೇ ನಿಂತು ಮಾಡಿಸ್ಕೊಡಬೇಕು' ಅಂದರು.

ನಿಶಾಂತನ ರೂಮು ತೋರಿಸಲು ಕೃತಿಯನ್ನು ನಾನೊಬ್ಬಳೇ ಒಳಗೆ ಕರೆದುಕೊಂಡು ಹೋದೆ. ಅಲ್ಲಿ ನಿಂತಳು. ಇಲ್ಲೇ ಓದಿ ಬೆಳೆದ ಹುಡುಗಿ, ಕನ್ನಡ ಅರ್ಧ, ತಮಿಳು ಅರ್ಧ.

'ಆಂಟಿ, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ. ಇವರಿಗೆ ರೊಂಬ ಕೋಪ ಬರುತ್ತಾ? ಅವತ್ತು ಕಾಫಿ ಶಾಪ್ ಪಾರ್ಕಿಂಗ್‌ನಲ್ಲಿ ವಾಚ್‌ಮನ್ ತಾತನ ಕಾಲರ್ ಹಿಡಿದ್ರು. ನಂಗೆ ಒಂಥರಾ ಭಯ ಆಯ್ತು.'

ಅವಳ ಬೆನ್ನಿಗೇ ಆ ಬಾಗಿಲು. ಹಾಲ್‌ನಲ್ಲಿ ನಿಶಾಂತ ನಗುತ್ತಿದ್ದದ್ದು ಕೇಳಿಸುತ್ತಿತ್ತು. ಸೆರಗು ಸರಿಸಿ ತೋಳಿನ ಬಾಸುಂಡೆ ತೋರಿಸಿದ್ದರೆ ಸಾಕಿತ್ತು. ಬಾಯಿ ಬಿಡುವುದೂ ಬೇಕಿರಲಿಲ್ಲ.

'ನಮ್ಮ ನಿಶಾಂತಾನಾ? ಮಗು ಅಮ್ಮಾ ಅವನು. ಬಿಸಿಲು, ಟ್ರಾಫಿಕ್... ಯಾರಿಗೆ ಕೋಪ ಬರಲ್ಲ ಹೇಳು?'

ನಂಬಿದಳು. ಮುಖ ಅರಳಿತು. ನನ್ನ ಕೈ ಹಿಡಿದುಕೊಂಡಳು. ಬೆರಳು ನೋಯಿತು, ತೋರಿಸಿಕೊಳ್ಳಲಿಲ್ಲ.

ಶ್ರಾವಣದಲ್ಲಿ ಮುಹೂರ್ತ. ಅವರು ಲಿಫ್ಟಿಗೆ ಹೋದ ಮೇಲೆ ತಟ್ಟೆ ಲೋಟ ತೊಳೆದಿಟ್ಟೆ. ಥೂ ನನ್ನ ಜನ್ಮಕ್ಕೆ.

ಸೆಪ್ಟೆಂಬರ್ ೨, ಮಂಗಳವಾರ

ಎಷ್ಟು ದಿನವಾಯಿತು ಬರೆದು. ಬರೆಯುವಂಥದ್ದು ಏನೂ ಇರಲಿಲ್ಲ, ಅದೇ ಸುಖ.

ಮದುವೆ ಚೆನ್ನಾಗಿಯೇ ಆಯಿತು. ಇಬ್ಬರೂ ಅಣ್ಣಾ ನಗರದಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಇಲ್ಲಿ ನಾವಿಬ್ಬರೇ. ಲೋಟ ಕೆಳಗೆ ಬಿದ್ದರೆ ಇಬ್ಬರೂ ಬೆಚ್ಚಿಬೀಳುತ್ತೇವೆ, ಆಮೇಲೆ ನಗುತ್ತೇವೆ. ನಾನು ತುಂಬಾ ನಿದ್ದೆ ಮಾಡುತ್ತೇನೆ. ಮೈ ಮೇಲಿನ ಕಲೆಗಳೆಲ್ಲ ಹಳದಿಯಾಗಿ ಮಾಯವಾದವು.

ಕೃತಿ ಮೊದಮೊದಲು ದಿನಾ ಫೋನ್ ಮಾಡುತ್ತಿದ್ದಳು. ಈಗ ಮೆಸೇಜು ಮಾತ್ರ. ಹೊಸ ಸಂಸಾರ, ಬಿಡುವಿರುವುದಿಲ್ಲ ಎನ್ನುತ್ತಾರೆ ಇವರು. ಇರಬಹುದು. ಅವರ ಮನೆಗೆ ಹೋಗಿ ಬರೋಣವೆಂದು ನಾನೂ ಒತ್ತಾಯ ಮಾಡಲಿಲ್ಲ. ಏನು ನೋಡಬೇಕಾಗುತ್ತದೋ ಎಂಬ ಭಯ. ಹೇಡಿ ನಾನು.

ಅಕ್ಟೋಬರ್ ೧೧, ಶನಿವಾರ, ಮಧ್ಯಾಹ್ನ

ಆಟೋ ಬುಕ್ ಮಾಡಿದ್ದೇನೆ. ಇನ್ನೂ ಬಂದಿಲ್ಲ. ಅದು ಬರುವವರೆಗೆ ಬರೆದಿಡುತ್ತೇನೆ.

ಈಗ ಕೃತಿಯ ಫೋನು. ದನಿ ಸಣ್ಣಗೆ, ಮೂಗು ಕಟ್ಟಿದ ಹಾಗೆ.

'ಅತ್ತೆ, ನಿಮ್ಮ ಮನೇಲಿ ಕೆಲಸ ಮಾಡಿದ್ರಲ್ಲ, ಆ ಕಾರ್ಪೆಂಟರ್ ನಂಬರ್ ಕಳಿಸ್ತೀರಾ? ಬೆಡ್‌ರೂಮ್ ಬಾಗಿಲಿಗೆ ಸ್ವಲ್ಪ ವೇಲೆ... ಕೆಲಸ ಇದೆ. ಓನರ್ ನೋಡೋದ್ರೊಳಗೆ ಮಾಡಿಸ್ಬೇಕು. ಜಾಸ್ತಿ ಖರ್ಚಾಗಬಾರ್ದು.'

ನಾಲಿಗೆ ತಾನಾಗೇ ಓಡಿತು. 'ಕಳಿಸ್ತೀನಿ. ತೇಗ ಹಾಕ್ಸಿ ಅಂತಾನೆ, ಒಪ್ಪಬೇಡ. ಮಾಮೂಲಿ ಮರ ಸಾಕು. ಪಟ್ಟಿ ಮಾತ್ರ ಅಗಲದ್ದೇ ತಗೋ. ಸಣ್ಣದಾದ್ರೆ ಸೀಳು ಪಕ್ಕದಲ್ಲಿ ಇಣುಕತ್ತೆ. ಅಗಲ ಇದ್ರೆ ಪೂರ್ತಿ ಮುಚ್ಚತ್ತೆ.'

ಡೈರಿಯಲ್ಲಿ ಏಳುಮಲೈ ನಂಬರ್ ಹುಡುಕತೊಡಗಿದೆ.

'ಸೀಳಿದೆ ಅಂತ ನಾನು ಹೇಳ್ಲೇ ಇಲ್ವಲ್ಲ ಅತ್ತೆ.'

ಡೈರಿ ಮುಚ್ಚಿದೆ.

'ನಿಮಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು. ನಾನು ಕೇಳಿದೆ ನಿಮ್ಮನ್ನ. ನಂಬಿ ನಿಮ್ಮ ಕೈ ಹಿಡ್ಕೊಂಡೆ.'

'ಗೊತ್ತಿತ್ತು' ಅಂದೆ.

ಅಳಲಿಲ್ಲ ಅವಳು. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಆ ಕಡೆ ಬೀಗ ತಿರುಗಿದ ಸದ್ದು. 'ಬಂದ್ರು' ಅಂದಳು. ಎರಡನೇ ಶನಿವಾರ, ಬ್ಯಾಂಕಿಗೆ ರಜಾ, ನನಗೆ ಹೊಳೆದೇ ಇರಲಿಲ್ಲ. ರೂಮೊಳಗೆ ಹೋಗಿ ಚಿಲಕ ಹಾಕಿಕೋ ಎಂದು ಕಿರುಚಿದೆ.

'ಚಿಲಕ ನಿಲ್ಲಲ್ಲ ಅತ್ತೆ' ಅಂದಳು.

ಅವನ ದನಿ ಕೇಳಿಸಿತು — ಯಾರ ಹತ್ರ ಮಾತಾಡ್ತಿದ್ದೀ? ಆಮೇಲೆ ಫೋನು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಒಂದು ಸದ್ದು, ನನಗೆ ಚೆನ್ನಾಗಿ ಗೊತ್ತಿರುವ ಸದ್ದು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಸುಜಯೀಂದ್ರ ಅವರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಪೊಲೀಸರಿಗೂ ಮಾಡಿದೆ. ವಿಳಾಸ ಕೊಟ್ಟೆ. 'ಯಾರಮ್ಮಾ ಅಡಿಕ್ಕಿರದು?' ಹೊಡೆಯುತ್ತಿರುವುದು ಯಾರು ಎಂದು ಕೇಳಿದರು. ಎನ್ ಮಗನ್ ಅಂದೆ. ನನ್ನ ಮಗ. ಇನ್ನೊಂದು ಸಲ ಹೇಳಿ ಅಂದರು, ಇನ್ನೊಂದು ಸಲ ಹೇಳಿದೆ.

ಇವರು ಬಾಗಿಲಿಗೆ ಅಡ್ಡ ನಿಂತಿದ್ದಾರೆ. 'ಪೊಲೀಸಾ? ಮಗ ಕಣೇ! ನೌಕರಿ ಹೋಗತ್ತೆ. ಜನ ಏನಂತಾರೆ?' ದೂಡಿದರೆ ಬೀಳುತ್ತಾರೆ. ದೂಡುತ್ತೇನೆ. ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ, ಆಟೋ ಬಂತು. ದೇವರೇ, ಆ ಹುಡುಗಿ ನಾನು ಹೋಗುವವರೆಗೆ