ಅರ್ಧ ದಾರಿಯಲ್ಲಿ ಇಳಿದವರು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮಗನ ಕೆಮ್ಮು ಹೋಗಿದೆ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ, ಆ ಕಿಂಡಿಯಿಂದ ದಿನವಿಡೀ ಸಿಳ್ಳೆ ಹಾಕುತ್ತಾ ನಮ್ಮ ತಲೆ ತಿನ್ನುತ್ತಿದ್ದಾಳೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಆದರೆ ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೂ ಫೋನಿನಲ್ಲಿ ಊಟ, ನಿದ್ದೆ, ಬಿಸಿಲು, ಮಳೆ ದಾಟಿ ಆಚೆ ಹೋದವರಲ್ಲ. ನೀವು "ಸರಿ, ಇಡ್ಲಾ?" ಅನ್ನುವುದರೊಳಗೆ ಹೇಳಿ ಮುಗಿಸುವ ಸಮಾಚಾರವೂ ಇದಲ್ಲ. ಇದನ್ನು ನನ್ನ ಅಮ್ಮನಿಗೂ ಹೇಳಿಲ್ಲ. ನಿಮಗೇ ಮೊದಲು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ನಾನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ನಿಮಗೆ ಗೊತ್ತೇ ಇದೆ. ಹೋದ ವರ್ಷದ ಕೊನೆಗೆ ನಮ್ಮ ವಿಭಾಗವನ್ನು ನದಿಯಾಚೆಯ ಹೊಸ ಕಟ್ಟಡಕ್ಕೆ ಸಾಗಿಸಿದರು. ಅಲ್ಲಿಗೆ ಹೋಗಲು ಸಲೀಸಾದ ದಾರಿ ಎಂದರೆ ನೆಲದಡಿಯ ರೈಲು. ಮೊದಲ ಕೆಲವು ವಾರ ಆರಾಮಾಗಿಯೇ ಓಡಾಡಿದೆ. ಒಂದು ಬೆಳಿಗ್ಗೆ, ಬೋಗಿಯಲ್ಲಿ ಕಂಬ ಹಿಡಿದು ನಿಂತಿದ್ದವಳಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಬೆರಳ ತುದಿಗಳು ಜುಮುಗುಟ್ಟಿದವು. ಎಷ್ಟು ಎಳೆದುಕೊಂಡರೂ ಉಸಿರು ಒಳಗೆ ಇಳಿಯಲೊಲ್ಲದು. ಪಕ್ಕದವರ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಇನ್ನೇನು ಸತ್ತೆ, ಇಲ್ಲವೇ ಹುಚ್ಚು ಹಿಡಿಯಿತು ಅಂದುಕೊಂಡೆ. ಮುಂದಿನ ನಿಲ್ದಾಣದಲ್ಲಿ ಜನರನ್ನು ತಳ್ಳಿಕೊಂಡು ಹೊರಗೆ ಬಿದ್ದೆ. ಹೃದಯಕ್ಕೇ ಏನೋ ಆಗಿದೆ ಎಂದು ಹೆದರಿ ನಮ್ಮಲ್ಲೇ ಪರೀಕ್ಷೆ ಮಾಡಿಸಿಕೊಂಡರೆ, ಹೃದಯ ಕಲ್ಲುಗುಂಡಿನ ಹಾಗಿದೆ ಅಂದರು. ಆ ಮಾತಿಗೆ ಖುಷಿಯಾಗಬೇಕಿತ್ತು. ನನಗೆ ನಾಚಿಕೆಯಾಯಿತು. ಏನೂ ಇಲ್ಲದ್ದಕ್ಕೆ ಹೀಗೆ ಆಡಿದೆನಲ್ಲ ಅನ್ನಿಸಿತು.

ಆಮೇಲೆ ರೈಲಿನ ಸಹವಾಸವೇ ಬೇಡವೆಂದು ಎರಡು ಬಸ್ಸು ಬದಲಿಸಿ, ಸೇತುವೆ ನಡೆದು ದಾಟಿ ಹೋಗತೊಡಗಿದೆ. ಪುಟ್ಟಿ ಏಳುವ ಮೊದಲೇ ಮನೆ ಬಿಡುತ್ತಿದ್ದೆ, ಅವಳು ಊಟಕ್ಕೆ ಕೂತಾಗ ಮರಳುತ್ತಿದ್ದೆ. ನಿಮ್ಮ ಮಗ ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತಿದ್ದೆ. ಕೊನೆಗೆ ಬಸ್ಸಿನಲ್ಲೂ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಹತ್ತುತ್ತಿರಲಿಲ್ಲ. ಆ ತಿಂಗಳು ಮುಗಿದ ಮೇಲೆ ಕೆಲಸ ಬಿಟ್ಟುಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ನನಗೆ ಆ ಕೆಲಸವೆಂದರೆ ಎಷ್ಟು ಇಷ್ಟ ಅಂತ ನಿಮಗೆ ಗೊತ್ತಿಲ್ಲ ಅತ್ತೆ. ಹೇಳುವ ಸಂದರ್ಭವೇ ಬಂದಿಲ್ಲ.

ಹೀಗಿರುವಾಗ ಒಂದು ದಿನ ಒಂದು ಮಗುವಿಗೆ ಮೊದಲ ಸಲ ಕಿವಿಯ ಯಂತ್ರ ಹಾಕುವುದಿತ್ತು. ಹುಟ್ಟಿದಾಗಿನಿಂದ ಕೇಳಿಸದ ಹೆಣ್ಣುಮಗು, ಇನ್ನೂ ವರ್ಷ ತುಂಬಿಲ್ಲ. ನಾನೇ ಹಾಕಬೇಕು ಎಂದು ಅದರ ತಾಯಿ ಹಠ ಹಿಡಿದಿದ್ದಳು, ನಾನೂ ಮಾತು ಕೊಟ್ಟಿದ್ದೆ. ನನ್ನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಎದುರಿಗೇ ರೈಲಿನ ಮೆಟ್ಟಿಲು. ಬೇರೆ ದಾರಿಯಿರಲಿಲ್ಲ, ಹಲ್ಲು ಕಚ್ಚಿ ಇಳಿದೆ.

ಬೋಗಿಯಲ್ಲಿ ಖಾಲಿಯಿದ್ದ ಒಂದೇ ಸೀಟಿನ ಮೇಲೆ ಮುಚ್ಚಳವಿದ್ದ ದೊಡ್ಡ ಬೆತ್ತದ ಬುಟ್ಟಿ ಕೂತಿತ್ತು. ಪಕ್ಕದಲ್ಲಿ ಅದರ ಯಜಮಾನಿ, ನಿಮ್ಮ ವಯಸ್ಸಿನವರು, ದಪ್ಪ ಕನ್ನಡಕ, ಬಿಗಿದುಕೊಂಡ ಮುಖ. ಹೆದರಿಕೆಗೆ ನನ್ನ ನಾಲಿಗೆ ಹರಿತವಾಗಿತ್ತು. "ಬುಟ್ಟಿಗೂ ಟಿಕೆಟ್ ತಗೊಂಡಿದೀರಾ?" ಅಂದೆ. ಅವರು ಚೀಲಕ್ಕೆ ಕೈಹಾಕಿ ನಿಜವಾಗಿಯೂ ಎರಡು ಟಿಕೆಟ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಅಕ್ಕಪಕ್ಕದವರು ನಕ್ಕರು. ನನ್ನ ಮುಖ ನೋಡಿ ಏನನ್ನಿಸಿತೋ, ಗೊಣಗುತ್ತಾ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜಾಗ ಬಿಟ್ಟರು.

ನದಿಯ ಕೆಳಗೆ ಎಲ್ಲೋ ರೈಲು ನಿಂತಿತು. ಅರ್ಧ ದೀಪಗಳು ಆರಿದವು. ಧ್ವನಿವರ್ಧಕದಲ್ಲಿ ಯಾರೋ ಏನೋ ಹೇಳಿದರು, ಅದು ಮುಗಿದ ಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನನ್ನ ಎದೆಯ ಸದ್ದು ಇಡೀ ಬೋಗಿಗೆ ಕೇಳುತ್ತಿದೆ ಅನ್ನಿಸಿತು. ಮೇಲೆದ್ದು ಬಾಗಿಲು ಬಡಿದೆ. ಅದರ ಸಂದಿಗೆ ಉಗುರು ಸಿಕ್ಕಿಸಿ ಎಳೆದೆ. ಜನ ಹಿಂದೆ ಸರಿದರು. ಒಬ್ಬ ಫೋನು ಎತ್ತಿ ಚಿತ್ರ ತೆಗೆಯತೊಡಗಿದ.

ಬುಟ್ಟಿಯ ಯಜಮಾನಿ ನನ್ನ ಚೀಲದ ಪಟ್ಟಿ ಹಿಡಿದು ಎಳೆದು ಕೂರಿಸಿದರು. ಆ ಫೋನಿನವನಿಗೆ, "ನಿಮ್ಮಮ್ಮಂಗೆ ಹೀಗಾದ್ರೂ ಫೋಟೋ ತೆಗೀತೀಯಾ? ಒಳಗಿಡೋ," ಅಂತ ಗದರಿದರು. ನಾನು ಸಾಯುತ್ತಿದ್ದೇನೆ ಅಂದೆ.

"ಸರಿ, ಕೂತ್ಕೊಂಡೇ ಸಾಯಿರಿ. ನಿಂತ್ಕೊಂಡು ಸತ್ರೆ ನನ್ ಮೇಲೆ ಬೀಳ್ತೀರಾ."

ಹೀಗೆಂದವರೇ ಬುಟ್ಟಿಯನ್ನು ನನ್ನ ಮಡಿಲಿಗೆ ದಬ್ಬಿದರು. ಒಳಗೊಂದು ಬೆಕ್ಕು. ಬೂದು ಬಣ್ಣದ, ಒಂದು ಕಿವಿ ಹರಿದ, ವಯಸ್ಸಾದ ಗಂಡುಬೆಕ್ಕು. ಹಲ್ಲುನೋವೆಂದು ಅದನ್ನು ಪಶುವೈದ್ಯರ ಹತ್ತಿರ ಒಯ್ಯುತ್ತಿದ್ದರಂತೆ. "ಇವನ ಹೆಸರು ಮೇಷ್ಟ್ರು. ನಿಮ್ಮಷ್ಟೇ ಹೆದರಿದಾನೆ. ನನ್ ಮಾತು ದಿನಾ ಕೇಳಿ ಕೇಳಿ ಇವನಿಗೆ ಬೇಜಾರಾಗಿದೆ. ನೀವೇ ಏನಾದ್ರೂ ಸಮಾಧಾನ ಹೇಳಿ," ಅಂದರು.

ಬುಟ್ಟಿಯ ಕಿಂಡಿಯಲ್ಲಿ ಬೆರಳು ತೂರಿಸಿದೆ. ಆ ಬೆಕ್ಕಿನ ಪಕ್ಕೆ ಪುಟಪುಟನೆ ಏರಿಳಿಯುತ್ತಿತ್ತು, ಥೇಟ್ ನನ್ನ ಹಾಗೆಯೇ. ಏನೂ ಆಗಲ್ಲ, ಏನೂ ಆಗಲ್ಲ ಎಂದು ತೊದಲಿದೆ.

"ಸುಳ್ಳು ಹೇಳ್ಬೇಡಿ. ಮೇಷ್ಟ್ರಿಗೆ ಸುಳ್ಳು ಗೊತ್ತಾಗುತ್ತೆ. ಇರೋದನ್ನ ಹೇಳಿ ಸಾಕು."

ಇರುವುದೇನು? ಹುಡುಕಿ ಹುಡುಕಿ ಹೇಳಿದೆ. ರೈಲು ನಿಂತಿದೆ ಕಣೋ. ಸ್ವಲ್ಪ ಕತ್ತಲಿದೆ. ನಿನಗೆ ಹೆದರಿಕೆ ಆಗ್ತಿದೆ, ನನಗೂ ಆಗ್ತಿದೆ. ನಿನ್ನ ಉಸಿರು ಬರ್ತಿದೆ, ಹೋಗ್ತಿದೆ. ನನ್ನದೂ ಬರ್ತಿದೆ, ಹೋಗ್ತಿದೆ. ನಾನು ಇಲ್ಲೇ ಇದೀನಿ. ಇದನ್ನೇ ತಿರುಗಿ ತಿರುಗಿ ಹೇಳಿದೆ. ಒಂದು ಹಂತದಲ್ಲಂತೂ ಹೆದರಿಕೆ ಎಷ್ಟು ಮೇಲೇರಿತೆಂದರೆ ಕಣ್ಣು ಕತ್ತಲಿಟ್ಟಿತು, ಬುಟ್ಟಿಯನ್ನು ಎಸೆದು ಓಡಬೇಕೆನ್ನಿಸಿತು. ಓಡುವುದೆಲ್ಲಿಗೆ? ಕೂತೇ ಇದ್ದೆ. ಆಮೇಲೆ, ಅತ್ತೆ, ಅದು ಇಳಿಯಿತು. ಕಾದ ಹಾಲು ಉಕ್ಕಿ ಬಂದು, ಉರಿ ತಗ್ಗಿಸಿದಾಗ ಹೇಗೆ ಕೆಳಗೆ ಹೋಗುತ್ತದೋ ಹಾಗೆ. ನಾನು ಸತ್ತಿರಲಿಲ್ಲ. ಮೇಷ್ಟ್ರು ನನ್ನ ಬೆರಳನ್ನು ಒಮ್ಮೆ ಮೂಸಿ, ಇವಳಿಂದ ಪ್ರಯೋಜನವಿಲ್ಲ ಎನ್ನುವಂತೆ ಮುಖ ತಿರುಗಿಸಿ ಮಲಗಿದರು. ನನಗೆ ನಗು ಬಂತು. ನಗುತ್ತಾ ನಗುತ್ತಾ ಗಳಗಳ ಅತ್ತುಬಿಟ್ಟೆ.

ರೈಲು ಹೊರಟಿತು. ಮೊದಲ ನಿಲ್ದಾಣ ಬಂದೊಡನೆ ಇಳಿದು ಓಡಲು ಎದ್ದೆ. ಆಕೆ ನನ್ನ ಕಡೆ ನೋಡದೆಯೇ, "ಬೆಕ್ಕು ಕದ್ಕೊಂಡು ಹೋಗ್ತೀರಾ?" ಅಂದರು. ಬುಟ್ಟಿ ಇನ್ನೂ ನನ್ನ ಕೈಯಲ್ಲೇ ಇತ್ತು. ಮತ್ತೆ ಕೂತೆ. ಹಾಗೇ ನನ್ನ ನಿಲ್ದಾಣದವರೆಗೂ ಬಂದೆ. ಅಲ್ಲಿ ಇಳಿದಾಗ ಅವರೂ ನನ್ನ ಜೊತೆ ಇಳಿದು ಎದುರಿನ ಪ್ಲಾಟ್‌ಫಾರಂ ಕಡೆ ಹೊರಟರು. ಪಶುವೈದ್ಯರ ಆಸ್ಪತ್ರೆಗೆ ಇಳಿಯಬೇಕಿದ್ದ ನಿಲ್ದಾಣ ಯಾವಾಗಲೋ ಹಿಂದೆ ಹೋಗಿತ್ತು! ನನಗಾಗಿ ಅಷ್ಟು ದೂರ ಬಂದಿದ್ದರು. ನಾನು ಕೈಮುಗಿದರೆ, "ಇವನಿಗೇನು ಡಾಕ್ಟ್ರನ್ನ ನೋಡೋಕೆ ಅವಸರ ಇರ್ಲಿಲ್ಲ ಬಿಡಿ," ಎಂದು ಬುಟ್ಟಿ ಹೊತ್ತು ನಡೆದೇಬಿಟ್ಟರು. ಅವರ ಹೆಸರೂ ಕೇಳಲಿಲ್ಲ ನೋಡಿ.

ತಡವಾಗಿ ಹೋದರೂ ಆ ಮಗುವಿಗೆ ಯಂತ್ರ ಹಾಕಿದೆ. ತಾಯಿ ಹಿಂದಿನಿಂದ ಮೆಲ್ಲಗೆ ಕೂಗಿದಳು. ಮಗು ಬಾಯಲ್ಲಿದ್ದ ಬೆರಳು ತೆಗೆದು, ಹುಬ್ಬು ಗಂಟಿಕ್ಕಿ, ಆ ಕಡೆ ತಿರುಗಿತು. ಇದನ್ನೆಲ್ಲ ಬಿಟ್ಟು ಮನೆಯಲ್ಲಿ ಕೂರಲು ಹೊರಟಿದ್ದೆನಲ್ಲ ಅನ್ನಿಸಿತು. ಅದೇ ಮಧ್ಯಾಹ್ನ ನಮ್ಮಲ್ಲಿನ ಮನೋವೈದ್ಯರ ಬಾಗಿಲು ತಟ್ಟಿದೆ. ಅವರು ತಾಳ್ಮೆಯಿಂದ ಕೇಳಿ, ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ, ಇದು ಸೋಗೂ ಅಲ್ಲ, ಹುಚ್ಚೂ ಅಲ್ಲ, ಬಹಳ ಜನಕ್ಕೆ ಆಗುತ್ತದೆ, ವಾಸಿಯೂ ಆಗುತ್ತದೆ ಅಂದರು. ಓಡಿಹೋದಷ್ಟೂ ಅದು ಬೆನ್ನು ಹತ್ತುತ್ತದಂತೆ. ಹತ್ತಿರದ ನಿಲ್ದಾಣದವರೆಗೆ ಹೋಗಿ ಬಂದು ಅಭ್ಯಾಸ ಮಾಡಿ, ಮೊದಮೊದಲು ಮನೆಯವರು ಜೊತೆಗಿರಲಿ ಅಂದರು.

ಹಾಗಾಗಿ ನಿಮ್ಮ ಮಗನಿಗೆ ಎಲ್ಲ ಹೇಳಲೇಬೇಕಾಯಿತು. ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ಆ ಭಾನುವಾರ ರೈಲಿನಲ್ಲಿ ಪಕ್ಕ ಕೂತು, ಏನೂ ಕೇಳದೆ, ನನ್ನ ಕೈಯ ಕೆಳಗೆ ತಮ್ಮ ಅಂಗೈ ಇಟ್ಟರು. ನಾನು ಉಗುರು ನೆಡುವಷ್ಟು ಹಿಸುಕಿದರೂ ಎಳೆದುಕೊಳ್ಳಲಿಲ್ಲ. ಇಳಿದ ಮೇಲೆ, ಇಷ್ಟು ಚೆನ್ನಾಗಿ ಹಿಡಿಯಲು ಕೈ ಕೊಡುವುದನ್ನು ಎಲ್ಲಿ ಕಲಿತಿರಿ ಎಂದು ತಮಾಷೆಗೆ ಕೇಳಿದೆ. ಅವರು, "ಅಮ್ಮ ಹೀಗೇ ಹಿಡ್ಕೋತಿದ್ಳು ಕಣೇ," ಅಂದರು.

ಅವರು ಚಿಕ್ಕವರಿದ್ದಾಗ ಬಸ್ಸಿನಲ್ಲಿ ನೀವು ಅವರ ಕೈಯನ್ನು ನೋವಾಗುವಂತೆ ಹಿಡಿಯುತ್ತಿದ್ದಿರಂತೆ. ನಿಮ್ಮ ಕುತ್ತಿಗೆಯೆಲ್ಲ ಬೆವರುತ್ತಿತ್ತಂತೆ. ಊರು ಇನ್ನೂ ಎಷ್ಟೋ ದೂರ ಇರುವಾಗಲೇ ಬಸ್ಸು ನಿಲ್ಲಿಸಿ, "ಗಾಳಿ ಚೆನ್ನಾಗಿದೆ, ನಡ್ಕೊಂಡೇ ಹೋಗೋಣ ಬಾ ಮಗ," ಎಂದು ಇಳಿಸಿಬಿಡುತ್ತಿದ್ದಿರಂತೆ. ಅಮ್ಮನಿಗೆ ನಡೆಯುವುದೆಂದರೆ ಇಷ್ಟ ಎಂದು ಅವರು ಇಲ್ಲಿಯವರೆಗೂ ನಂಬಿದ್ದರು. ಹೇಳಿ ಮುಗಿಸಿ, ಫುಟ್‌ಪಾತಿನಲ್ಲಿ ನಿಂತು, ನನಗೆ ಯಾಕೆ ಗೊತ್ತಾಗಲಿಲ್ಲ ಎಂದು ಕಣ್ಣು ಒರೆಸಿಕೊಂಡರು.

ಅತ್ತೆ, ನಮ್ಮ ಮದುವೆಗೆ ನೀವು ಬರಲಿಲ್ಲ. ಪುಟ್ಟಿ ಹುಟ್ಟಿದಾಗಲೂ ಬರಲಿಲ್ಲ, ನಾವೇ ಬಂದು ತೋರಿಸಿದೆವು. ಮನೆ ಬಿಟ್ಟು ಬರುವವಳಲ್ಲ, ಬಿಂಕ ಜಾಸ್ತಿ ಎಂದು ನೆಂಟರು ಆಡಿಕೊಂಡರು. ನಾನು ನಿಮಗೆ ಒಪ್ಪಿಗೆಯಾದ ಸೊಸೆಯಲ್ಲ ಎಂದೇ ನಾನು ತಿಳಿದಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ. ನನ್ನ ಊಹೆ ತಪ್ಪಿದ್ದರೆ ಇಷ್ಟನ್ನು ಓದಿ ನಕ್ಕು ಬಿಟ್ಟುಬಿಡಿ. ಸರಿಯಿದ್ದರೆ, ಉತ್ತರ ಬರೆಯಲೇಬೇಕೆಂದಿಲ್ಲ. ನಿಮಗೆ ಆಗುತ್ತಿದ್ದುದಕ್ಕೆ ಒಂದು ಹೆಸರಿದೆ, ಔಷಧವಿದೆ, ಅದು ನಿಮ್ಮೊಬ್ಬರಿಗೇ ಅಲ್ಲ ಅನ್ನುವುದು ತಿಳಿದರೆ ಸಾಕು.

ಧನ್ಯವಾದ ಹೇಳಬೇಕಿತ್ತು, ಅದಕ್ಕೇ ಈ ಕಾಗದ. ನನ್ನ ಕೈಗೆ ಸಿಕ್ಕಿದ ಆ ಕೈಯನ್ನು ಹಿಡಿದು ಹಿಡಿದು ತಯಾರು ಮಾಡಿದವರು ನೀವು. ನಿಮಗೆ ಆದ ಕಷ್ಟದಿಂದ ನನಗೆ ಒಳ್ಳೆಯದಾಯಿತು ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಆದದ್ದು ಅದೇ. ಈಗ ವಾರದಲ್ಲಿ ಹೆಚ್ಚಿನ ದಿನ ಒಬ್ಬಳೇ ರೈಲಿನಲ್ಲಿ ಹೋಗುತ್ತೇನೆ. ಕೆಲವು ದಿನ ಹೆದರಿಕೆ ಬರುತ್ತದೆ. ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಇದ್ದು, ಎದ್ದು ಹೋಗುತ್ತದೆ. ಕೆಲಸ ಬಿಡುವ ಮಾತು ಬಿಟ್ಟಿದ್ದೇನೆ.

ಪುಟ್ಟಿಗೆ ರಜೆ ಬಂದೊಡನೆ ಅಲ್ಲಿಗೆ ಬರುತ್ತೇವೆ. ಮೈಗೆ ಜೋಪಾನ.

ನಿಮ್ಮ ಪ್ರೀತಿಯ
ಸೊಸೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮೈದುನ ಫೋನ್ ಮಾಡಿದ್ದ. ಸುಮ್ಮನೆ ಮಾತಿಗೆ ಕೇಳಿದೆ, ನಮ್ಮ ಮದುವೆಯ ದಿನ ಅಮ್ಮ ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ. ಮನೆಯಲ್ಲಿ ಎಲ್ಲಿದ್ದರು, ಬೆಳಿಗ್ಗೆಯೇ ಹೊಸ ಬಟ್ಟೆ ಉಟ್ಟುಕೊಂಡು, ಸೊಸೆಗೆಂದು ಹೂವು ಕೊಂಡು, ಬಸ್ ನಿಲ್ದಾಣಕ್ಕೆ ಹೋಗಿದ್ದರಲ್ಲ ಅಂದ. ಬಂದ ಬಸ್ಸನ್ನೆಲ್ಲ ಬಿಟ್ಟು ಸಂಜೆಯವರೆಗೂ ಬೆಂಚಿನ ಮೇಲೆ ಕೂತಿದ್ದಿರಂತೆ, ಕರೆದುಕೊಂಡು ಬರಲು ಬಂದವನಿಗೆ ಬಸ್ಸು ತಪ್ಪಿತು ಅಂದಿರಂತೆ. ಅತ್ತೆ, ಅಂದರೆ ನೀವು ನನ್ನ ಮದುವೆಗೆ ಹೊರಟಿದ್ದಿರಿ. ನನಗೆ ಅಷ್ಟು ಸಾಕು.