ನನ್ನ ಹೆಸರಿನ ರಕ್ತ

ರಕ್ತ ಪರೀಕ್ಷೆಯ ಡಾಕ್ಟರಮ್ಮನವರಿಗೆ,

ಕಲ್ಲು ಪಾಲಿಶ್ ಕಾರ್ಖಾನೆಯ ಗೇಟಿನಲ್ಲಿ ಕೂರುವವನ ನಮಸ್ಕಾರ.

ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುತ್ತಿದ್ದರೆ ರಕ್ತದಲ್ಲೇ ಗೊತ್ತಾಗುತ್ತದೆಂದು ಎರಡು ವರ್ಷದ ಹಿಂದೆ ನೀವು ನಮ್ಮೆಲ್ಲರ ರಕ್ತ ತೆಗೆದಿರಿ. ಆಗಲೇ ಕೆಮ್ಮುತ್ತಿದ್ದ ಅಣ್ಣ, "ಸಿಕ್ಕಿಬಿದ್ರೆ ಕೆಲಸ ಹೋಗುತ್ತೆ ಕಣೋ, ಮಕ್ಕಳ ಗತಿ ಏನು?" ಎಂದ. "ನಂಗ್ಯಾರಿದ್ದಾರೆ, ನನ್ನ ಹೆಸರು ಹೇಳು" ಎಂದೆ. ಅವನ ಹೆಸರು ನಾನು ಹೇಳಿದೆ. ಕಲ್ಲಿನ ಪುಡಿ ಮೆತ್ತಿದ ಮುಖಗಳು, ನಿಮಗೆ ಗುರುತು ಹತ್ತಲಿಲ್ಲ.

ನನ್ನ ಹೆಸರಿಗೆ ಕೆಟ್ಟ ಫಲಿತಾಂಶ ಬಂತು. ಆದರೆ ಕೆಲಸ ಹೋಗಲಿಲ್ಲ. ನೀವೇ ಮಾತಾಡಿ, ಅದೇ ಸಂಬಳಕ್ಕೆ ನನ್ನನ್ನು ಧೂಳಿನಿಂದ ಗೇಟಿಗೆ ಕಳಿಸಿದಿರಿ. "ಈಗ ನಿಜ ಹೇಳಿದ್ರೆ ಇಬ್ಬರನ್ನೂ ಓಡಿಸ್ತಾರೆ, ಸುಮ್ನಿರು" ಎಂದ ಅಣ್ಣ. ಸುಮ್ಮನಿದ್ದೆ. ಹಾಸಿಗೆ ಹಿಡಿಯುವವರೆಗೂ ಅವನು ಕಲ್ಲು ಉಜ್ಜುತ್ತಲೇ ಇದ್ದ.

ಮೊನ್ನೆ ಮತ್ತೆ ರಕ್ತ ಪರೀಕ್ಷಿಸಿ, "ಧೂಳು ಬಿಟ್ಟಿದ್ದಕ್ಕೆ ನಿನ್ನ ರಕ್ತ ಸುಧಾರಿಸಿದೆ, ಬೇರೆ ಕಾರ್ಖಾನೆಯವರಿಗೂ ಇದನ್ನು ತೋರಿಸುತ್ತೇನೆ" ಎಂದು ಖುಷಿಯಿಂದ ಬರೆದಿದ್ದೀರಿ. ದಯವಿಟ್ಟು ತೋರಿಸಬೇಡಿ. ಈ ಸಲ ಕೊಟ್ಟಿದ್ದು ನನ್ನದೇ ರಕ್ತ. ಹಳೆಯ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರು ತಿದ್ದಿಕೊಳ್ಳಿ.

ಅಣ್ಣ ಹೋದ ವಾರ ತೀರಿಕೊಂಡ. ಅವನಿಗೆ ಕೊಟ್ಟಿದ್ದ ಆಕ್ಸಿಜನ್ ಯಂತ್ರ ಹಿಂದಿರುಗಿಸಲು ನಾಳೆ ಅತ್ತಿಗೆ ನಿಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಮಾತ್ರ ಏನೂ ಹೇಳಬೇಡಿ. ಯಂತ್ರವನ್ನು ನಾನು ಎತ್ತಲು ಹೋದರೆ, "ನಿನ್ನ ಎದೆ ಮೊದಲೇ ಸರಿಯಿಲ್ಲ, ಬಿಡಪ್ಪ, ನಾನೇ ಹೊತ್ಕೊಂಡು ಹೋಗ್ತೀನಿ" ಎನ್ನುತ್ತಾರೆ.

ಇತಿ,
ಅವನ ತಮ್ಮ