ಫಕೀರವ್ವನ ಹೊಳೆಯ ಬಣ್ಣ

ಒಳವಾಸದ ಎಂಬತ್ತೊಂದನೇ ವರ್ಷ, ನಮ್ಮ ಲೆಕ್ಕದ ಹದಿನಾಲ್ಕನೇ ತಿಂಗಳು

ನೆಲದ ಮೇಲಿನ ಹಳೆಯ ಕಾಲದಲ್ಲಿ ನಾಟಕಕ್ಕೂ ಸಿನಿಮಾಕ್ಕೂ ಸೀನರಿ ಮಾಡುವ ಹಿರಿಯರಿಗೆ ಮಹಾನಂದಾಳ ಶರಣು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಬರಹದ ಕನ್ನಡವನ್ನು ನಾನು ಹಳೆಯ ನಾಟಕದ ಪ್ರತಿಗಳಿಂದ ಕಲಿತವಳು. ಆಗಾಗ ರಾಜನ ಮಂತ್ರಿಯಂತೆ ಮಾತಾಡಿಬಿಡುತ್ತೇನೆ.

ಒಳವಾಸವೆಂದರೆ ಬಿಸಿಲಿಗೆ ಹೆದರಿ ನೆಲದಡಿಗೆ ಇಳಿದ ನಮ್ಮ ಊರು. ಇಲ್ಲಿ ಕಿಟಕಿಗಳಿಲ್ಲ. ಕಿಟಕಿ ಇರಬೇಕಾದ ಕಡೆ ಬಟ್ಟೆಯ ಮೇಲೆ ಬರೆದ ದೃಶ್ಯವನ್ನು ತೂಗುಹಾಕುತ್ತೇವೆ; ಅದನ್ನು ಹೊರನೋಟ ಎನ್ನುತ್ತೇವೆ. ಅದನ್ನು ಬರೆಯುವುದೇ ನನ್ನ ಕಸುಬು. ನಮ್ಮವರು ಇಳಿಯುವಾಗ ಫೋಟೊಗಳೆಲ್ಲ ಯಂತ್ರಗಳಲ್ಲಿದ್ದವು, ಯಂತ್ರಗಳು ಕೆಟ್ಟುಹೋದವು. ಚಿತ್ರವೆಂದು ಉಳಿದದ್ದು ಯಾವುದೋ ನಾಟಕ ಕಂಪನಿಯ ಪರದೆಗಳ ಪೆಟ್ಟಿಗೆಯೊಂದೇ: ಅರಮನೆ, ಬೀದಿ, ಕಾಡು, ಹೊಳೆ. ಹೊರಗೆ ಇದ್ದದ್ದು ಈ ನಾಲ್ಕೇ ಜಾಗ ಎಂದು ನಮ್ಮ ಶಾಲೆಗಳಲ್ಲಿ ಕಲಿಸುತ್ತಾರೆ. ನಗಬೇಡಿ. ಅಡುಗೆಮನೆಯಲ್ಲಿ ಬೀದಿ, ಮಲಗುವಲ್ಲಿ ಕಾಡು, ಮದುವೆಗೆ ಅರಮನೆ, ಇದು ವಾಡಿಕೆ. ಸಾಯುವವರ ಮುಂದೆ ಮಾತ್ರ ಅವರು ಕೇಳಿದ್ದನ್ನೇ ಹೊಸದಾಗಿ ಬರೆದು ಹಾಕಬೇಕು. ಅದಕ್ಕೆ ಕಡೆಯ ಪರದೆ ಎಂದು ಹೆಸರು.

ನಮ್ಮ ಅಜ್ಜಿ ಫಕೀರವ್ವ ಹೊಳೆ ಕೇಳಿದಳು. ಮಲಪ್ರಭೆಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಪೆಟ್ಟಿಗೆಯ ಹೊಳೆಯನ್ನು ನೋಡಿಕೊಂಡು ಬರೆದೆ: ನೀಲಿ ನೀರು, ಜೋಡಿ ಹಂಸ, ತಾವರೆ, ಅಮೃತಶಿಲೆಯ ಮೆಟ್ಟಿಲು. ಜಂಬವೆಂದರೂ ಸರಿ, ಒಂದು ಗೆರೆಯೂ ತಪ್ಪಿರಲಿಲ್ಲ. ಅಜ್ಜಿ ಮುಖ ತಿರುಗಿಸಿದಳು. “ಇದು ನಾಟಕದ ಹೊಳಿ ಐತಿ ಯವ್ವಾ. ನನ್ನ ಹೊಳಿ ಇದಲ್ಲ,” ಅಂದಳು.

ಹಂಸ ಅಳಿಸಿದೆ, ನೀಲಿ ನೀರನ್ನೂ ತೊಳೆದು ತೆಗೆದೆ. ಎಮ್ಮೆ ಬೇಕೆಂದಳು, ನಾನು ಎಮ್ಮೆಯನ್ನು ಕಂಡವಳಲ್ಲ, ಅವಳು ಕೈಯಾಡಿಸಿ ತೋರಿಸಿದಂತೆ ಬರೆದೆ. ಬಟ್ಟೆ ಒಗೆಯುವ ಕಲ್ಲು ಬಂತು, ಮುಳ್ಳುಕಂಟಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವೂ ಬಂತು. ನೀರಿನ ಬಣ್ಣ ಮಾತ್ರ ಬರಲಿಲ್ಲ. ಕಂದು ತೋರಿಸಿದರೆ ಅಲ್ಲ, ಹಸಿರು ತೋರಿಸಿದರೆ ಅಲ್ಲ. ಡಬ್ಬಿ ಡಬ್ಬಿ ಕಲಸಿ ತಂದೆ. ಪ್ರತಿ ಸಲವೂ ತಲೆ ಅಲ್ಲಾಡಿಸಿದಳು, ಕೊನೆಗೆ ಅಲ್ಲಾಡಿಸುವುದನ್ನೂ ಬಿಟ್ಟಳು. ನೀರಿನ ಜಾಗದಲ್ಲಿ ಬರೀ ಬಟ್ಟೆ ಇರುವಾಗಲೇ ಕಣ್ಣು ಮುಚ್ಚಿದಳು.

ನಿಮ್ಮ ಮೇಲೆ ಸಿಟ್ಟಿದೆ, ಹಿರಿಯರೇ. ಹೊಳೆ ನಿಮ್ಮ ಊರ ಪಕ್ಕದಲ್ಲೇ ಇತ್ತು. ಚಹಾ ಕುಡಿದು ಹೋಗಿ ನೋಡಿ ಬರಬಹುದಿತ್ತು. ದಿನಾ ಕಾಣುವ ಕೆಸರುನೀರನ್ನು ಯಾರು ಟಿಕೇಟು ತೆಗೆದು ನೋಡುತ್ತಾರೆ ಎಂದುಕೊಂಡು ಹಂಸ ಬರೆದಿರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ.

ಕೋರುವುದು ಒಂದೇ. ಮುಂದಿನ ಪರದೆಗೋ ಸೆಟ್ಟಿಗೋ ಬ್ರಷ್ ಹಿಡಿಯುವ ಮೊದಲು ಹೊಳೆಗೆ ಹೋಗಿ, ಆ ನೀರಿನ ಬಣ್ಣ ಕಲಸಿ, ಬಟ್ಟೆಯ ಒಂದು ಮೂಲೆಗೆ ಬಳಿದಿಡಿ. ಅಂದಗಾಣಿಸಬೇಡಿ.

ಈ ಕಾಗದ ನಿಮಗೆ ಮುಟ್ಟುವುದಿಲ್ಲವೆಂದು ಬಲ್ಲೆ. ಮುಟ್ಟಿದ್ದರೆ, ನೀವು ಬಳಿದಿಟ್ಟಿದ್ದರೆ, ಆ ಬಣ್ಣ ಈ ಪೆಟ್ಟಿಗೆಯಲ್ಲಿ ಇರುತ್ತಿತ್ತು. ನಿನ್ನೆ ಮತ್ತೆ ತಳದವರೆಗೂ ತೆಗೆದು ನೋಡಿದೆ. ಹಂಸಗಳಿದ್ದವು.